ಬಿಡ್ರೀ ಅಂದಳು, ಬಿಟ್ಟೆ

ಕಾರಿನ ಸೀಟ್ ಬೆಲ್ಟನ್ನು ಮಿಷಿನ್ನಿಗೆ ಕಟ್ಟಿ ಎಳೆಸಿ, ಇದು ಮನುಷ್ಯನನ್ನು ಬಿಡೋದಿಲ್ಲ ಅಂತ ಸಹಿ ಹಾಕುವುದು ಮಿಷಿಗನ್ನಿನ ಟ್ರಾಯ್‌ನಲ್ಲಿ ನನ್ನ ಕೆಲಸ. ಅಂಥ ನಾನು ಅಲ್ಲಿನ ಚಳಿ ತಪ್ಪಿಸಿಕೊಳ್ಳಲು ಹವಾಯಿಗೆ ಹೋಗಿ, ಜಲಪಾತದಲ್ಲಿ ಹಗ್ಗ ಹಿಡಿದು ಇಳಿಯುವುದಕ್ಕೆ ಹೆಸರು ಕೊಟ್ಟಿದ್ದೆ. ನಮ್ಮೂರ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನ ಗೆಳತಿ ಹೀಗೆ ಇಳಿದ ಫೋಟೋ ನೋಡಿ ನನ್ನ ಹೆಂಡತಿಗೆ ಹುಟ್ಟಿದ ಆಸೆ ಅದು.

ಮೇಲಿದ್ದ ಗೈಡ್ ಹುಡುಗಿ ಹತ್ತು ಸಲ ಹೇಳಿದಳು: "ಏನೇ ಆಗಲಿ, ಬಲಗೈ ಮಾತ್ರ ಹಗ್ಗ ಬಿಡಬಾರದು." ನನಗೇ ಹೇಳಿಕೊಡ್ತಾಳಲ್ಲ ಅಂತ ಗತ್ತಿನಿಂದ ತಲೆಯಾಡಿಸಿದೆ.

ಅರ್ಧ ಇಳಿಯುವಷ್ಟರಲ್ಲಿ ನೀರಿನ ರಭಸಕ್ಕೆ ಕನ್ನಡಕ ಹಾರಿಹೋಯಿತು.

"ಲೇ, ಕನ್ನಡಕ ಹೋಯ್ತು!" ಎಂದು ಕಿರುಚಿದೆ.

ಮೊದಲೇ ಇಳಿದು ಕೆಳಗೆ ಫೋನ್ ಹಿಡಿದು ನಿಂತಿದ್ದ ಹೆಂಡತಿ, "ಹೋದ್ರೆ ಹೋಗ್ಲಿ, ಬಿಡ್ರೀ!" ಎಂದು ಕೂಗಿದಳು.

ಆ ಸದ್ದಿನಲ್ಲಿ ನನಗೆ ಕೇಳಿಸಿದ್ದು ಕಡೆಯ ಮಾತೊಂದೇ. ಹತ್ತೊಂಬತ್ತು ವರ್ಷದ ಸಂಸಾರ ನೋಡಿ, ಬುದ್ಧಿಗಿಂತ ಮೊದಲು ಕೈ ಪಾಲಿಸಿತು. ಬಾವಿಗೆ ಬಿಟ್ಟ ಕೊಡದ ಹಾಗೆ ಜರ್ರನೆ ಜಾರಿದೆ. ಕೆಳಗಿದ್ದ ಇನ್ನೊಬ್ಬ ಗೈಡ್ ಹಗ್ಗ ಜಗ್ಗಿ ಹಿಡಿದದ್ದಕ್ಕೆ ಉಳಿದೆ.

"ಯಾಕೆ ಬಿಟ್ಟೆ?" ಎಂದು ಆತ ಗದರಿದ.

"ಹೆಂಡತಿ ಹೇಳಿದಳು" ಎಂದೆ.

ಅವಳಿಗೆ ಅದಕ್ಕೂ ಸಿಟ್ಟು. "ಒದ್ದೆ ಟವೆಲ್ ಮಂಚದ ಮೇಲೆ ಹಾಕ್ಬೇಡಿ ಅಂತ ದಿನಾ ಬಡ್ಕೋತೀನಿ, ಕಿವಿಗೇ ಹೋಗಲ್ಲ. ಇದೊಂದು ಕೇಳಿಸ್ತಾ ನಿಮ್ಗೆ?"

ವಾಪಸು ಬಂದ ಮೇಲೆ ಆಫೀಸಿನಲ್ಲಿ ಬೆಲ್ಟನ್ನು ಎಷ್ಟು ಎಳೆಸಿದರೂ ಅದು ಬಿಡಲಿಲ್ಲ. ಸಹಿ ಹಾಕಿದೆ. ಅದಕ್ಕೇನು, ಇನ್ನೂ ಮದುವೆಯಾಗಿಲ್ಲ.