ಹೆಣ್ಣೊಪ್ಪಿಸುವ ಪದ

ಮೊಬೈಲಿನಿಂದ ನಮ್ಮ ಸಂಸ್ಕೃತಿ ಹಾಳಾಯಿತು ಎಂದು ಯಾರಾದರೂ ಭಾಷಣ ಶುರುಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಳಾದದ್ದು ಹೇಗೆಂದು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಮೈಕ್ ಸೆಟ್ಟು ಬಂತು, ಆಮೇಲೆ ಡಿಜೆ ಬಂತು. ಮದುವೆಮನೆಯಲ್ಲಿ ಸೋಬಾನೆ ಹೇಳುತ್ತಿದ್ದ ಹೆಂಗಸರು ಊಟಕ್ಕೆ ಮಾತ್ರ ಉಳಿದರು. ಸಂಜೆ ಜಗುಲಿಯಲ್ಲಿ ಕೂತು ಪದ ಕಲಿಯಬೇಕಾದವರು ಧಾರಾವಾಹಿಯ ಅತ್ತೆ ಸೊಸೆಯರಿಗಾಗಿ ಕಣ್ಣೀರು ಹಾಕುತ್ತಾ ಒಳಗೆ ಕೂತರು. ನಾನೂ ಕೂತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಹೋದದ್ದನ್ನು ವಾಪಸು ತಂದುಕೊಟ್ಟದ್ದು ಈ ಮೊಬೈಲೇ.

ಕಿಕ್ಕೇರಿಯಲ್ಲಿರುವ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಸೋಬಾನೆಗೆ ಹೆಸರಾದವಳು. ನಾನಿರುವ ನಾಗಮಂಗಲದಿಂದ ಹೋದಾಗಲೆಲ್ಲ ಅವಳ ಒಂದೊಂದು ಪದವನ್ನು ವಿಡಿಯೊ ಮಾಡಿ ನನ್ನ ಚಾನೆಲ್ಲಿಗೆ ಹಾಕುತ್ತಿದ್ದೆ. ಎಲ್ಲೆಲ್ಲಿಯ ಹೆಣ್ಣುಮಕ್ಕಳೋ ನೋಡಿ ಕಲಿತು, ತಾವು ಹಾಡಿದ್ದನ್ನು ನಮಗೆ ಕಳಿಸತೊಡಗಿದರು. ಪಾಂಡವಪುರದ ಟೈಲರ್ ಅಂಗಡಿಯೊಂದರ ಹುಡುಗಿಯರು ಹೊಲಿಗೆ ಮಿಷನ್ನು ತುಳಿಯುತ್ತಲೇ ಹಾಡಿದ್ದನ್ನು ಕಂಡು ದೊಡ್ಡವ್ವ, "ಅಯ್ಯೋ ಇವ್ರ ಮನೆ ಕಾಯ್ವಾಗ! ನನಗಿಂತ ಚೆಂದಾಗಿ ಆಡ್ತಾವ್ರಲ್ಲ" ಎಂದು ಅಕ್ಕರೆಯಿಂದ ಬೈದು ಬಾಯ್ತುಂಬ ನಕ್ಕಳು.

ಒಂದು ಪದವನ್ನು ಮಾತ್ರ ಅವಳು ಮೊಬೈಲಿಗೆ ಕೊಡಲಿಲ್ಲ. ಅದು ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸುವಾಗಿನ ಪದ. ಕಳಿಸಲು ಹೆಣ್ಣಿಲ್ಲದೆ ಅದನ್ನು ಹಾಡಿದರೆ ಮನೆಗೆ ಆಗಿಬರುವುದಿಲ್ಲ ಎಂಬುದು ನಮ್ಮ ಹೆಂಗಸರ ಕಟ್ಟಳೆ. ಅದು ಪೂರ್ತಿ ಬರುತ್ತಿದ್ದುದೂ ಅವಳೊಬ್ಬಳಿಗೇ.

ಹೋದ ಆಷಾಢದಲ್ಲಿ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಬೇಗ ಆಪರೇಷನ್ ಆಗಬೇಕು, ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದರು ಮೈಸೂರಿನ ಡಾಕ್ಟರು. ಅಷ್ಟರೊಳಗೆ ಆ ಪದವನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಆಷಾಢದಲ್ಲಿ ಯಾರ ಮನೆಯಲ್ಲಿ ಮದುವೆ ಮಾಡುತ್ತಾರೆ?

ಕಿಕ್ಕೇರಿಗೆ ಓಡಿದೆ. "ದೊಡ್ಡವ್ವ, ಇದೊಂದ್ಸತಿ ಶಾಸ್ತ್ರ ಬುಟ್ಬುಡು. ನಿನ್ನ ದನಿ ಓದ್ರೆ ಪದಾನೂ ಓಯ್ತದೆ" ಎಂದು ಬೇಡಿಕೊಂಡೆ.

"ಓದ್ರೆ ಓಗ್ಲಿ. ಎಣ್ಣಿಲ್ದೆ ನಾನು ಆಡಾಕಿಲ್ಲ."

ಎಂಥ ಹಟಮಾರಿ! ಸಿಟ್ಟಿನಲ್ಲಿ ಮೊಬೈಲನ್ನು ಬ್ಯಾಗಿಗೆ ತುರುಕಿ ಹೊರಟೆ. ಹೊಸ್ತಿಲು ದಾಟುವಾಗ ಅವಳು ಕರೆದಳು.

"ನಿಲ್ಲವ್ವ. ನಿನ್ನ ಯಾರು ಒಪ್ಪಿಸ್ಕೊಟ್ರು?"

ನನ್ನದು ರಿಜಿಸ್ಟರ್ ಮದುವೆ. ನಾವು ಬೇಸಾಯದವರು, ನನ್ನ ಗಂಡ ಅಕ್ಕಸಾಲಿಗರ ಮನೆಯವನು. ಎರಡು ಕಡೆಯಿಂದಲೂ ಒಂದು ನರಪಿಳ್ಳೆ ಬರಲಿಲ್ಲ. ತಾಳಿಯನ್ನು ಅವನೇ ಮಾಡಿ ತಂದಿದ್ದ. ಅವನನ್ನು ಕಟ್ಟಿಕೊಂಡದ್ದಕ್ಕೆ ನಾನು ಯಾವತ್ತೂ ಬೇಜಾರು ಮಾಡಿಕೊಂಡವಳಲ್ಲ. ಆದರೆ ತವರಿನವರು ಯಾರೂ ಕಳಿಸಿಕೊಡಲಿಲ್ಲವಲ್ಲ ಎಂಬ ಸಂಕಟ ಒಳಗೆ ಇದ್ದೇ ಇತ್ತು.

"ನಿಂಗೆ ಈ ಪದ ಯಾರೂ ಆಡ್ಲೇ ಇಲ್ಲ. ಬಾ, ಕೂತ್ಕೋ."

"ಆಷಾಢ ಅಲ್ವಾ ದೊಡ್ಡವ್ವ?"

"ಆಷಾಢ ಮದ್ವೆಗೆ. ನಿನ್ ಮದ್ವೆ ಯಾವತ್ತೋ ಆಗೋಗದೆ. ಸುಮ್ಕೆ ಕೂತ್ಕೋ."

ನನ್ನ ಕೆನ್ನೆಗೆ ಅರಿಶಿನ ಹಚ್ಚಿ ಮಡಿಲಕ್ಕಿ ಕಟ್ಟಿದಳು. ನಾನು ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟೆ. ನಮ್ಮ ಹುಡುಗಿ ಹಸಿವು ತಡೆಯಳು, ಗದರಬೇಡಿ ಎಂದು ಬೀಗರಿಗೆ ಹೇಳುವ ಪದ ಅದು. ಹಾಡಿನಲ್ಲಿ 'ನಮ್ಮ ಮಗಳು' ಎಂದು ಬಂದದ್ದೇ ತಡ, ನನಗೆ ತಡೆಯಲಾಗಲಿಲ್ಲ, ಗೊಳೋ ಎಂದು ಅತ್ತೆ. ದೊಡ್ಡವ್ವ ಹಾಡು ನಿಲ್ಲಿಸಿ, ನನ್ನ ತಲೆ ಸವರಿ, ಮತ್ತೆ ಎತ್ತಿಕೊಂಡು ಕೊನೆ ಮುಟ್ಟಿಸಿದಳು.

"ನಡುವೆ ಕೆಟ್ಟೋಯ್ತು, ಇನ್ನೊಂದ್ಸತಿ ಆಡು" ಎಂದೆ.

"ಒಂದು ಎಣ್ಣ ಎಲ್ಡು ಸತಿ ಕಳಿಸ್ತಾರಾ? ಎದ್ದೋಗು!" ಎಂದು ಗದರಿದಳು.

ಆಪರೇಷನ್ ಆಯಿತು. ದೊಡ್ಡವ್ವ ಉಳಿದಳು, ಹಾಡುವ ದನಿ ಉಳಿಯಲಿಲ್ಲ. ವಿಡಿಯೊದಲ್ಲಿ ನನ್ನ ಅಳುವಿನ ಸದ್ದು ತೆಗೆಸಿ ಚಾನೆಲ್ಲಿಗೆ ಹಾಕಿದೆ. ಹಾಡು ನಿಂತ ಆ ಜಾಗ ಮಾತ್ರ ಹಾಗೇ ಇತ್ತು.

ಶ್ರಾವಣದಲ್ಲಿ ಆ ಟೈಲರ್ ಹುಡುಗಿಯರಲ್ಲೊಬ್ಬಳ ಮದುವೆ. ನಮ್ಮಿಬ್ಬರನ್ನೂ ಪಾಂಡವಪುರಕ್ಕೆ ಕರೆದಿದ್ದರು. ಹೆಣ್ಣೊಪ್ಪಿಸುವ ಹೊತ್ತಿಗೆ ಗೆಳತಿಯರು ಡಿಜೆಯವನ ಬಾಯಿ ಮುಚ್ಚಿಸಿ ಪದ ಎತ್ತಿಕೊಂಡರು. ಎಷ್ಟು ಚೆಂದ ಹಾಡಿದರು! 'ನಮ್ಮ ಮಗಳು' ಬಂದಾಗ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು, ಮದುವೆ ಹೆಣ್ಣಿನ ತಲೆ ಸವರಿದರು, ಮತ್ತೆ ಶುರುಮಾಡಿದರು. ಅದೂ ಪದದ ಶಾಸ್ತ್ರವೇ ಎಂದುಕೊಂಡಿದ್ದರು ಪಾಪ.

ಹೇಳಿ ತಿದ್ದೋಣವೆಂದು ಎದ್ದೆ. ದೊಡ್ಡವ್ವ ಸೆರಗು ಹಿಡಿದು ಕೂರಿಸಿದಳು. ಒಡೆದ ದನಿಯಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು:

"ಬುಡು ಮಗ. ಇನ್ಮೇಲೆ ಅಲ್ಲಿ ನಿಲ್ಲೋದೇ ಸರಿ. ನಿನ್ನ ನಾನು ಕಳಿಸ್ಕೊಟ್ಟಿದ್ದು ಅಲ್ಲೇ ಅಲ್ವಾ."