ಸಂಗಪ್ಪನ ಹಗುರ ಹಗ್ಗ

ಸಂಗಪ್ಪ ಮಾಂಸ ತಿನ್ನುತ್ತಿರಲಿಲ್ಲ, ಬಂದೂಕು ಮುಟ್ಟುತ್ತಿರಲಿಲ್ಲ. ಆದರೂ ಪ್ರತಿ ಚಳಿಗಾಲ ಶಿಕಾರಿಯವರ ಜೊತೆ ಖರ್ಡಿ ಸ್ಟೇಷನ್ನಿನ ಆಚೆಗಿನ ಕಾಡಿಗೆ ಹೋಗುತ್ತಿದ್ದ. ಯಾಕೆ ಹೋಗುತ್ತೀ ಎಂದು ಪರೇಲಿನ ಚಾಳಿನಲ್ಲಿ ಯಾರು ಕೇಳಿದರೂ ಉತ್ತರ ಒಂದೇ: “ಹಗ್ಗ ಕಟ್ಟಾಕ.”

ಸಿಂದಗಿ ಕಡೆಯಿಂದ ಬಂದು ಬಟ್ಟೆ ಗಿರಣಿ ಸೇರಿದಾಗಿನಿಂದ ಅವನ ಕೆಲಸವೂ ಹೆಚ್ಚುಕಡಿಮೆ ಅದೇ. ನೂಲುವ ಖಾತೆಯಲ್ಲಿ ಕದಿರುಗಳನ್ನು ತಿರುಗಿಸುವ ನೂಲಿನ ದಾರ ಹರಿದಲ್ಲಿ ಹೊಸದನ್ನು ಬಿಗಿಯಬೇಕು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಕಾಡಿನಲ್ಲಿ ಸಂಜೆ ಡೇರೆಯ ಪಕ್ಕ ಕೂತರೆ, ಇಬ್ಬನಿ ಹೀರಿದ ನೂಲಿನ ಹಗ್ಗ ಬಿಗಿಯುತ್ತ ಕಿರುಗುಡುವುದು ಅವನ ಕಿವಿಗೆ ಬೀಳುತ್ತಿತ್ತು. ಇದನ್ನೊಮ್ಮೆ ಹೆಂಡತಿ ಚನ್ನವ್ವನ ಮುಂದೆ ಹೇಳಿದ್ದ. ಅವಳು ಅವನನ್ನು ಮಲಗಿಸಿ ಕಿವಿಗೆ ಬಿಸಿ ಎಣ್ಣೆ ಬಿಟ್ಟಿದ್ದಳು.

ತಂಡದ ಮುಖಂಡ ಸೀತಾರಾಮ ಅರಸು. ಮೈಸೂರು ಕಡೆಯವನು, ದಾದರಿನ ಒಂದು ವಿಮಾ ಕಚೇರಿಯಲ್ಲಿ ನೌಕರ. ಬಂದೂಕಿನ ಪರವಾನಗಿ ಅವನ ಹೆಸರಿನಲ್ಲೇ ಇತ್ತು. ೧೯೫೪ರ ದೀಪಾವಳಿ ಮುಗಿದ ಮೇಲೆ ಅವನು ಸಂಗಪ್ಪನನ್ನು ಕರೆಸಿ ಹೇಳಿದ:

“ನಿಮ್ಮ ಗಂಟು ನೀವೇ ಹೊರೋದಾದ್ರೆ ಬನ್ನಿ ಸಂಗಪ್ಪನೋರೇ. ಹೋದ ವರ್ಷದ ಥರ ಏರಿನಲ್ಲಿ ಮಂಡಿ ಹಿಡ್ಕೊಂಡು ಕೂತ್ರೆ ನಾನು ಖರ್ಡೀಲಿ ಆಳು ಹುಡುಕಬೇಕಾಗತ್ತೆ. ಆಳು ಬಂದ ಮೇಲೆ ಡೇರೇನೂ ಅವನೇ ಕಟ್ತಾನೆ.”

ಆ ಗಂಟಿನಲ್ಲಿ ಬಹುಪಾಲು ಹಗ್ಗವೇ ಇರುತ್ತಿತ್ತು. ಡೇರೆಗೆ, ಮರದ ಮೇಲೆ ಶಿಕಾರಿಗೆ ಕೂರುವ ಅಟ್ಟಣಿಗೆಗೆ, ಅಕ್ಕಿಯ ಚೀಲ ಇರುವೆಗೆ ಸಿಗದಂತೆ ತೂಗುಹಾಕುವುದಕ್ಕೆ. ಹಗುರವಾದ ಹಗ್ಗ ಸಿಕ್ಕರೆ ಈ ವರ್ಷ ಕಾಡು ಉಂಟು, ಸಿಗದಿದ್ದರೆ ಇಲ್ಲ.

ಮೊದಲು ಅವನು ಅಂಧೇರಿಗೆ ಹೋಗಿ ದೂಜನನ್ನು ಕೇಳಿದ. ದೂಜ ಅಲ್ಲಿನ ಕ್ಯಾಂಟೀನೊಂದರಲ್ಲಿ ಅಡುಗೆಯವನು, ಶಿಕಾರಿ ತಂಡಕ್ಕೂ ಅವನೇ ಅಡುಗೆಯವನು; ಮೊದಲು ಮಂಗಳೂರಿನಲ್ಲಿ ದೋಣಿಯ ಕೆಲಸಕ್ಕಿದ್ದ.

“ತೆಂಗಿನ ನಾರಿನದ್ದು ತೆಕ್ಕೊಳ್ಳಿ ಮಾರಾಯ್ರೆ. ನೀರಿಗೆ ಬಿದ್ರೂ ಮುಳುಗುದಿಲ್ಲ.”

“ಕಾಡಿನ್ಯಾಗ ತೇಲಿಬಿಡ್ಲಿ ಏನು?”

“ನೀವು ಹಗ್ಗ ಕೇಳಿದ್ರಿ, ನಾನು ಹೇಳಿದೆ. ಅಂಗೈ ಚರ್ಮ ಹೋದ್ರೆ ನನ್ನನ್ನು ಕೇಳ್ಬೇಡಿ.”

ಮುಂದಿನ ರಜೆಗಳೆಲ್ಲ ಅಂಗಡಿಗಳಲ್ಲಿ ಕಳೆದವು. ಕತ್ತಾಳೆಯ ಹಗ್ಗ ಒರಟು, ಹಾಕಿದ ಗಂಟು ಸರಿಯಾಗಿ ಕೂರದು. ಸೆಣಬಿನ ಸುತಳಿ ಒದ್ದೆಯಾದರೆ ಕೊಳೆಯುತ್ತದೆ. ಸಣ್ಣ ನೂಲಿನ ದಾರ ಡೇರೆಯನ್ನು ತಡೆದೀತು, ಅಟ್ಟಣಿಗೆಯನ್ನಲ್ಲ. ಒಂದೊಂದು ಅಂಗಡಿಯಿಂದ ಹೊರಬಂದಾಗಲೂ ಅವನಿಗೆ ಮೊದಲು ಗೊತ್ತಿದ್ದದ್ದೂ ಸ್ವಲ್ಪ ಕಡಿಮೆಯಾದಂತೆ ಅನಿಸುತ್ತಿತ್ತು.

ನಳ್ ಬಜಾರಿನ ಹತ್ತಿರ ಯುದ್ಧಕಾಲದ ಮಿಲಿಟರಿ ಸಾಮಾನು ಮಾರುವವನೊಬ್ಬ ಬಿಳಿಯ ದಾರದ ಸುರುಳಿಯೊಂದನ್ನು ಅವನ ಅಂಗೈಯಲ್ಲಿಟ್ಟ. ಮಡಿಸಿದ ಟವೆಲಿನಷ್ಟೂ ಭಾರವಿರಲಿಲ್ಲ.

“ನೈಲಾನ್ ಹೈ ಚಾಚಾ, ಪ್ಯಾರಾಶೂಟ್ ಕಾ. ಇಸ್ ಪೆ ಆದ್ಮೀ ಲಟಕ್ತಾ ಥಾ.” ಇದಕ್ಕೆ ಮನುಷ್ಯನೇ ಜೋತಾಡುತ್ತಿದ್ದನಂತೆ.

“ಕಿತ್ನಾ ದಿನ್ ಲಟಕ್ತಾ ಥಾ?” ಎಷ್ಟು ದಿನ ಎಂಬುದು ಸಂಗಪ್ಪನಿಗೆ ಬೇಕಿತ್ತು.

ನೆಲ ಮುಟ್ಟುವ ತನಕ ಎಂದು ಅಂಗಡಿಯವನು ನಕ್ಕ. “ಜಮೀನ್ ಆನೇ ತಕ್!”

ಸಂಗಪ್ಪ ಮೂಸಿ ನೋಡಿದ, ವಾಸನೆಯಿಲ್ಲ. ಹುರಿ ಬಿಚ್ಚಲು ನೋಡಿದ. ಹುರಿಯೇ ಇಲ್ಲ, ಜಡೆಯ ಹಾಗೆ ಹೆಣೆದಿತ್ತು. ಏನು ತಿಳಿಯಬೇಕೋ ತಿಳಿಯದೆ ಕೊಂಡು ತಂದ.

ಪರೀಕ್ಷೆಗೆಂದು ಚಾಳಿನ ಪಡಸಾಲೆಯಲ್ಲಿ ಹಳೆಯ ನೂಲಿನ ಹಗ್ಗವನ್ನೂ ಹೊಸ ದಾರವನ್ನೂ ಅಕ್ಕಪಕ್ಕ ಬಿಗಿದು ಕಟ್ಟಿದ. ಪಕ್ಕದ ಮನೆಯ ಗಂಗುಬಾಯಿ ಖಾಲಿ ಹಗ್ಗ ಕಂಡದ್ದೇ ತನ್ನ ಒದ್ದೆ ಬಟ್ಟೆಗಳನ್ನೆಲ್ಲ ಹರವಿದಳು. ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿಸಿತು.

“ಚನ್ನವ್ವಾ, ನಿನ್ನ ಗಂಡ ಕಟ್ಟಿದ್ದು ಹಗ್ಗೋ ರಬ್ಬರೋ? ನನ್ನ ಕೌದಿ ನೆಲಾ ಒರಸಾಕತ್ತೈತಿ ನೋಡು!”

“ನನ್ನ ಕೇಳಬ್ಯಾಡವಾ. ದೀಪಾವಳಿ ಆದಾಗಿಂದ ಹಗ್ಗದ ಮಾತು ಬಿಟ್ಟು ಬ್ಯಾರೆ ಮಾತಿಲ್ಲ. ನಿದ್ದಿಗಣ್ಣಾಗ ನನ್ನ ಸೀರಿ ಸೆರಗಿಗೂ ಗಂಟ ಹಾಕ್ಯಾನ.”

ಸಂಗಪ್ಪ ಎರಡನ್ನೂ ಮುಟ್ಟಿ ನೋಡಿದ. ಒದ್ದೆ ಸೀರೆಗಳ ಕೆಳಗೆ ನೂಲಿನ ಹಗ್ಗ ತಂತಿಯಂತೆ ಸೆಟೆದಿತ್ತು. ಬಿಳಿಯ ದಾರ ಜೋತುಬಿದ್ದಿತ್ತು. ನೂಲು ನೆನೆದರೆ ಗಿಡ್ಡವಾಗುತ್ತದೆ. ಅದಕ್ಕೇ ಡೇರೆ ಕಟ್ಟಿದವನು ಇಬ್ಬನಿ ಬೀಳುವ ಮೊದಲು ಹಗ್ಗಗಳನ್ನು ಸಡಿಲ ಬಿಡಬೇಕು. ಬಿಡದಿದ್ದರೆ ಗೂಟ ಕಿತ್ತು ಬರುತ್ತದೆ. ಇದು ನೆನೆದರೆ ಉದ್ದವಾಗುತ್ತದೆ. ಹಗ್ಗವೆಂದ ಮೇಲೆ ಹೀಗೂ ಇರಬಹುದೇ?

“ಹಂಗಾರ ಸಡ್ಲ ಬಿಡಬ್ಯಾಡ, ಜಗ್ಗಿ ಕಟ್ಟು. ಅಷ್ಟ,” ಎಂದಳು ಚನ್ನವ್ವ.

“ಅಷ್ಟ ಅಲ್ಲ.”

“ಮತ್ತೇನೈತಿ?”

ಸಂಗಪ್ಪ ಬಿಳಿಯ ದಾರಕ್ಕೆ ಕಿವಿಯಿಟ್ಟು ಆಲಿಸಿದ.

ಆ ವರ್ಷದ ಏರನ್ನು ಅವನು ಮಂಡಿಯ ಮೇಲೆ ಕೈಯಿಡದೆ ಹತ್ತಿದ. ಅರಸು ಎರಡು ಸಲ ತಿರುಗಿ ನೋಡಿದ. ದಾರಿಯುದ್ದಕ್ಕೂ ಸಂಗಪ್ಪ “ಜಗ್ಗಿ ಕಟ್ಟಬೇಕು, ಜಗ್ಗಿ ಕಟ್ಟಬೇಕು” ಎಂದು ಗೊಣಗುತ್ತಲೇ ಇದ್ದ. ಡೇರೆಯನ್ನು ಹಾಗೆಯೇ ಕಟ್ಟಿದ. ಮನೆಯಿಂದ ತಂದ ಜೋಳದ ರೊಟ್ಟಿ ತಿಂದ. ಹುಲ್ಲು ತಣ್ಣಗಾಗತೊಡಗಿದಾಗ ಎದ್ದು, ಎಲ್ಲ ವರ್ಷಗಳಂತೆ ಡೇರೆಯ ಸುತ್ತ ಒಂದು ಸುತ್ತು ಬಂದ. ಒಂದೊಂದೇ ಹಗ್ಗಕ್ಕೆ ಬೆರಳು ಹಾಕಿ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟ. ಆಮೇಲೆ ಕೂತು ಕಿವಿಗೊಟ್ಟ. ಯಾವ ಸದ್ದೂ ಬರಲಿಲ್ಲ. ಕಿವಿಗೇ ಏನೋ ಆಗಿದೆ ಎಂದುಕೊಂಡು ಹೋಗಿ ಮಲಗಿದ.

ಬೆಳಕು ಹರಿಯುವ ಹೊತ್ತಿಗೆ ಡೇರೆ ಅರಸುವಿನ ಮುಖದ ಮೇಲೆ ಕೂತಿತು.

“ಹಂದಿ ಬಂತಾ?” ಎಂದು ದೂಜ ಒಲೆಯ ಬಳಿಯಿಂದ ಕೂಗಿದ.

“ಹಂದಿಯಲ್ಲ ಕಣಯ್ಯಾ, ಡೇರೆ!” ಅರಸು ತೆವಳಿ ಹೊರಬಂದ. “ಸಡಿಲ ಬಿಟ್ರಾ ಸಂಗಪ್ಪನೋರೇ?”

“ಇಲ್ರೀ ಸಾಹೇಬ್ರ.” ಸಂಗಪ್ಪ ಹಗ್ಗಗಳನ್ನು ನೋಡಿದ. “ಬಿಟ್ಟೀನೇನೋ.”

“ದಾರಿಯೆಲ್ಲ ಜಪ ಮಾಡ್ಕೊಂಡು ಬಂದ್ರಲ್ರೀ!”

“ನನಗ ಗೊತ್ತಿತ್ರಿ. ಕೈಗೆ ಗೊತ್ತಿರಲಿಲ್ಲ.”

ಅಟ್ಟಣಿಗೆಯನ್ನೂ ಸಂಗಪ್ಪ ಆ ದಾರದಿಂದಲೇ ಕಟ್ಟಿದ್ದ. ಅರಸು ಅದರ ಕೆಳಗೆ ಹೋಗಿ ನಿಂತು ಬಹಳ ಹೊತ್ತು ಮೇಲೆ ನೋಡಿದ. ಆ ವರ್ಷ ಅವನು ಅದನ್ನು ಹತ್ತಲಿಲ್ಲ. ದೂಜ ಕಾರಣ ಕೇಳಿದಾಗ ಮಂಡಿನೋವು ಎಂದ.

ತಿರುಗಿ ಬರುವಾಗ ಖರ್ಡಿಯ ಪ್ಲಾಟ್‌ಫಾರ್ಮಿನಲ್ಲಿ ಸಂಗಪ್ಪ ಗಂಟನ್ನು ಹೆಗಲಿನಿಂದ ಇಳಿಸದೆ, ಎಲ್ಲರಿಂದ ಸ್ವಲ್ಪ ದೂರ ನಿಂತಿದ್ದ. ಅರಸು ತಾನಾಗಿ ಹತ್ತಿರ ಬಂದ.

“ಗಂಟು ನೀವೇ ಹೊತ್ರಿ. ನಾನು ಕೇಳಿದ್ದೂ ಅದೇ. ಮುಂದಿನ ವರ್ಷವೂ ಬನ್ನಿ. ಅಷ್ಟರಲ್ಲಿ ಕೈಗೂ ಒಂದು ಮಾತು ಹೇಳಿಡಿ.”

ಅಂದಿನಿಂದ ಚಾಳಿನ ಪಡಸಾಲೆಯಲ್ಲಿ ಬಿಳಿಯ ದಾರ ಕಾಯಂ ಆಯಿತು. ಗಂಗುಬಾಯಿ ಒದ್ದೆ ಬಟ್ಟೆ ಹರವಿದ ಕೂಡಲೇ ಸಂಗಪ್ಪ ಹೋಗಿ ಅದನ್ನು ಜಗ್ಗಿ ಕಟ್ಟಬೇಕು. ಕೈಗೆ ಅದೇ ಪಾಠ. ಈಗ ಹೆಚ್ಚಿನ ದಿನ ಅವಳ ಕೌದಿ ನೆಲ ಮುಟ್ಟುವುದಿಲ್ಲ. ಮುಟ್ಟಿದ ದಿನ ಅವಳು ಕೂಗುತ್ತಾಳೆ. ಸಂಗಪ್ಪ ಹೊರಬಂದು ಮೊದಲು ದಾರವನ್ನು ನೋಡುತ್ತಾನೆ, ಆಮೇಲೆ ತನ್ನ ಕೈಗಳನ್ನು. ತಾನು ಅದನ್ನು ಯಾವಾಗ ಸಡಿಲ ಬಿಟ್ಟೆನೆಂದು ಅವನಿಗೆ ನೆನಪಾಗುವುದಿಲ್ಲ.