ಹೊಂಬಾಳಮ್ಮನ ಬಾಯಿ

ಕೊಪ್ಪದ ಹೊಂಬಾಳಮ್ಮನ ಬಾಯಿಗೆ ಬಿದ್ದವರು ಎದ್ದು ಬಂದದ್ದಿಲ್ಲ ಎಂದು ಊರಲ್ಲಿ ಮಾತಿತ್ತು. ಆ ಬಾಯಿಗೆ ಸೊಸೆಯಾಗಿ ಬಂದವಳು ಮಳವಳ್ಳಿಯ ಕುಸುಮ. ಪಾಪ, ಈ ಹುಡುಗಿ ಇಲ್ಲಿ ಬಾಳುವುದುಂಟೇ ಎಂದು ಬೀಗರೂಟ ಉಂಡವರೇ ಮರುಗಿದ್ದರು. ಕುಸುಮ ಬಾಳಿದಳು. ಬಾಳಿದ್ದಲ್ಲದೆ, ಅತ್ತೆಯ ಬೈಗುಳ ಕೇಳುವುದಕ್ಕೆಂದೇ ಇಲ್ಲದ ಕೆಲಸ ಹುಡುಕಿಕೊಂಡು ಅಡುಗೆಮನೆಯಲ್ಲಿ ನಿಲ್ಲುತ್ತಿದ್ದಳು.

ಅವಳಿಗೆ ಬರೆಯುವ ಹುಚ್ಚು. ಮದ್ದೂರಿನ ಕಾಲೇಜಿನಲ್ಲಿ ಕನ್ನಡ ಓದಿದ್ದಳು. ಟೀಚರ್ ಆಗುವ ಆಸೆ ಮದುವೆಯ ಗಡಿಬಿಡಿಯಲ್ಲಿ ಎಲ್ಲೋ ಜಾರಿಹೋಗಿತ್ತು. ಮಂಡ್ಯದ ಗುತ್ತಲಿನಲ್ಲಿದ್ದ ಗೆಳತಿ ಮಂಜುಶ್ರೀ ಅವಳಿಗೊಂದು ಬ್ಲಾಗು ತೆರೆದುಕೊಟ್ಟಳು. ಕುಸುಮ ಶಿಂಷಾ ಹೊಳೆಯ ಬಗ್ಗೆ ಬರೆದಳು, ಗದ್ದೆಯ ಮೇಲಿನ ಇಬ್ಬನಿಯ ಬಗ್ಗೆ ಬರೆದಳು. ಓದಿದವರು ಮಂಜುಶ್ರೀ ಮತ್ತು ಗಂಡ ಸಂತೋಷ್, ಅಷ್ಟೇ. ಗಂಡ ಮೊದಲ ಸಾಲು ನೋಡಿ, ಬೆರಳಲ್ಲಿ ಸರ್ರನೆ ಕೆಳಗಿಳಿಸಿ, ಚೆನ್ನಾಗಿದೆ ಅಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದನ್ನೂ ಓದು ಅನ್ನುವುದಾದರೆ ಪೇಪರು ತಿನ್ನುವ ಮೇಕೆಯೂ ಓದುಗನೇ.

ಮಂಜುಶ್ರೀ ಬುದ್ಧಿ ಹೇಳಿದಳು. ಮೊದಲ ಸಾಲಿನಲ್ಲೇ ಓದುವವರ ಕೊರಳಪಟ್ಟಿ ಹಿಡಿಯಬೇಕಂತೆ. ಮುಂದೇನು ಅನ್ನುವಲ್ಲಿಗೆ ನಿಲ್ಲಿಸಬೇಕಂತೆ. ಊರು ಕೇರಿ ಬದಲಾಯಿಸಿದರೂ ಒಂದು ನಿಜವಾದ ಗುರುತು ಉಳಿಸಿಕೊಂಡರೆ ಜನ ನಂಬುತ್ತಾರಂತೆ.

ಆಮೇಲೊಂದು ದಿನ ಹೊಂಬಾಳಮ್ಮ ಒಣಹಾಕಿದ ಅವರೆಕಾಳಿಗೆ ಬಾಯಿ ಹಾಕಿದ ಕೋಳಿಯನ್ನು ಅದರ ವಂಶವನ್ನೆಲ್ಲ ಎತ್ತಿ ಬೈದಳು. ಕುಸುಮ ಅದನ್ನು ಇದ್ದದ್ದು ಇದ್ದ ಹಾಗೆ ಬರೆದು ಹಾಕಿದಳು. ಸಂಜೆಯೊಳಗೆ ಗುರುತಿಲ್ಲದ ಜನ ಬಿದ್ದು ಬಿದ್ದು ನಕ್ಕಿದ್ದರು. ಮಾರನೆಯ ದಿನದಿಂದ, ನಿಮ್ಮತ್ತೆ ಇವತ್ತೇನಂದರು ಎಂದು ಕೇಳತೊಡಗಿದರು. ಅತ್ತೆ ಬೈದಷ್ಟೂ ಸೊಸೆಗೆ ಹಬ್ಬ. ಹೊಂಬಾಳಮ್ಮನಿಗೆ ಇದೊಂದೂ ತಿಳಿಯದು. ತನ್ನ ಮಾತನ್ನು ಇಷ್ಟು ಆಸೆಯಿಂದ ಕೇಳುವ ಜೀವ ಇದೊಂದೇ ಎಂದು ಮುದುಕಿ ಒಳಗೊಳಗೇ ಹಿಗ್ಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳುತ್ತಾ ಹೋದಳು.

ಹಾಗೆ ಒಂದು ಮಧ್ಯಾಹ್ನ ರಾಗಿ ಕೇರುತ್ತಾ ತಂಗಿ ಮಂಗಳಮ್ಮನ ಸಂಗತಿಯನ್ನೂ ಹೇಳಿದಳು. ಮಂಗಳಮ್ಮನನ್ನೂ ಕೊಪ್ಪಕ್ಕೇ ಕೊಟ್ಟಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಹೊಡೆದ ಏಟಿಗೆ ಅವಳ ಎಡಗಿವಿ ಹೋಯಿತು. ಓಡಿಬಂದು ಅಕ್ಕನ ಮನೆಯ ಅಟ್ಟದಲ್ಲಿ ಅಡಗಿದಳು. ಅಕ್ಕ ಯಾರಿಗೂ ತಿಳಿಯದ ಹಾಗೆ ಮೇಲಕ್ಕೇ ಮುದ್ದೆ ಹತ್ತಿಸಿ, ಕೊನೆಗೆ ತಾನೇ ಕರೆದುಕೊಂಡು ಹೋಗಿ, ಆ ಗಂಡನಿಗೆ ಹೇಳಬೇಕಾದದ್ದನ್ನು ಹೇಳಿ ಬಂದಿದ್ದಳು. ಅವನು ಮತ್ತೆ ಕೈ ಎತ್ತಲಿಲ್ಲ. ಜ್ವರದಲ್ಲಿ ಕಿವಿ ಹೋಯಿತು ಎಂದು ಅಕ್ಕತಂಗಿಯರು ಊರಿಗೆಲ್ಲ ಹೇಳಿಕೊಂಡೇ ಮುದುಕಿಯರಾದರು. ಅವನೀಗ ಊರಿಗೆ ನ್ಯಾಯ ಹೇಳುವ ಯಜಮಾನ.

ಬರೆಯಬಾರದೆಂದು ಕುಸುಮ ಒದ್ದಾಡಿದ್ದು ನಿಜ. ಆದರೆ ಆ ವಾರ ಬ್ಲಾಗು ಬರಿದಾಗಿತ್ತು, ಜನ ಕೇಳುತ್ತಿದ್ದರು. ಬರೆದಳು. ಹೆಸರು ಬದಲಾಯಿಸಿದಳು, ಊರು ಬದಲಾಯಿಸಿದಳು. ಎಡಗಿವಿಯನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಓದುವವರನ್ನು ಹಿಡಿದು ನಿಲ್ಲಿಸುವುದೇ ಅದು. ಗಂಡ ಬಂದು ಅಟ್ಟದ ಏಣಿಗೆ ಕೈ ಹಾಕಿದ ಎಂದು ಇಲ್ಲದ್ದೊಂದನ್ನು ಸೇರಿಸಿ ಅಲ್ಲಿಗೆ ನಿಲ್ಲಿಸಿದಳು. ಮುಂದೇನು, ಮುಂದೇನು ಎಂದು ಜನ ಮುಗಿಬಿದ್ದರು. ಕೊಪ್ಪದಲ್ಲಿ ಎಡಗಿವಿ ಕೇಳದ ಹೆಂಗಸು ಒಬ್ಬಳೇ ಎಂಬುದು ಅಷ್ಟು ಓದಿದ ಹುಡುಗಿಗೆ ಹೊಳೆಯಲಿಲ್ಲ.

ಡೇರಿಯಲ್ಲಿ ಹಾಲು ಹಾಕಲು ನಿಂತ ಸಾಲಿನಲ್ಲಿ ಯಾರೋ, ಹೊಂಬಾಳಮ್ಮನ ಸೊಸೆ ಬರೆದದ್ದಂತೆ ಎಂದು ಅದನ್ನು ಮೊಬೈಲಿನಿಂದ ಗಟ್ಟಿಯಾಗಿ ಓದಿದರು. ಮಂಗಳಮ್ಮ ಕ್ಯಾನು ಹಿಡಿದು ಅದೇ ಸಾಲಿನಲ್ಲಿದ್ದಳು. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು, ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಬಂದಳು.

“ಇಷ್ಟ್ ವರ್ಸ ಮುಚ್ಚಿಟ್ಕಂಡ್ ಬಂದಿದ್ದೆ ಕಣಕ್ಕ. ಡೇರಿ ತಾವ ಪೋನಲ್ಲಿ ಎಲ್ಲಾರ್ಗೂ ಓದಿ ಹೇಳುದ್ರು. ಇನ್ ಮೊಮ್ಮಕ್ಳೆಲ್ಲ ನನ್ ಕಿವಿನೇ ನೋಡ್ತವೆ. ನೀನೇ ಬಾಯ್ ಬುಟ್ಟೆಯಾ?”

ಕುಸುಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹೊಂಬಾಳಮ್ಮ ಒಂದು ಸಲ ಸೊಸೆಯ ಕಡೆ ನೋಡಿದಳು. ಆಮೇಲೆ ತಂಗಿಗೆ, “ಊಂ ಕಣವ್ವ, ನಾನೇ ಬುಟ್ಟೆ” ಅಂದಳು.

ಬರೆದವರು ಯಾರೆಂದು ಮಂಗಳಮ್ಮನಿಗೂ ಗೊತ್ತು. ಆದರೆ ಗುಟ್ಟು ಕೊಟ್ಟಿದ್ದು ಅಕ್ಕನಿಗಲ್ಲವೇ? ಹೋದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಅತ್ತೆ ಈಗ ಸೂರು ಹಾರಿಹೋಗುವಂತೆ ಬೈಯುತ್ತಾಳೆ ಎಂದು ಕುಸುಮ ಕಾದಳು. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಹೊಂಬಾಳಮ್ಮ ಬೈಯಲಿಲ್ಲ. ಅಂದಿನಿಂದ ಸೊಸೆಯೊಡನೆ ಊಂ, ಊಹೂಂ ಬಿಟ್ಟರೆ ಮಾತೇ ಇಲ್ಲ. ಕುಸುಮ ಬ್ಲಾಗನ್ನು ಅಳಿಸಿಹಾಕಿದಳು. ಅಳಿಸಿದರೇನು, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅದು ಆಗಲೇ ಫೋಟೋ ಆಗಿ ಕೂತಿತ್ತು. ತಪ್ಪಾಯಿತೆಂದು ಹೇಳಲು ಹೋದರೆ ಮಂಗಳಮ್ಮ ಎಡಗಿವಿಯನ್ನೇ ಇವಳ ಕಡೆ ಮಾಡಿ ಕೂತಳು. ನೀವಾದರೂ ಅಮ್ಮನಿಗೆ ಹೇಳಿ ಎಂದು ಗಂಡನನ್ನು ಬೇಡಿದರೆ, ನಿಮ್ಮನಿಮ್ಮಲ್ಲೇ ನೋಡಿಕೊಳ್ಳಿ ಎಂದು ಅವನು ಬೈಕು ಹತ್ತಿ ಮದ್ದೂರಿಗೆ ಕೆಲಸಕ್ಕೆ ಹೋದ. ಇಂಥ ಹೊತ್ತಿನಲ್ಲಿ ಗಂಡಸರ ಬೈಕು ಒಂದೇ ಒದೆತಕ್ಕೆ ಶುರುವಾಗುತ್ತದೆ.

ಕೊನೆಗೆ ಅವಳು ಬೇಕೆಂದೇ ಹಾಲು ಉಕ್ಕಿಸಿದಳು. ಒಂದು ತೊಟ್ಟು ಚೆಲ್ಲಿದರೂ ಏಳು ತಲೆಮಾರು ಜಾಲಾಡುತ್ತಿದ್ದ ಹೊಂಬಾಳಮ್ಮ ಎದ್ದು ಬಂದಳು. ಗ್ಯಾಸು ಆರಿಸಿದಳು, ಬಟ್ಟೆ ತಂದು ಒರೆಸಿದಳು, ಸುಮ್ಮನೆ ಹೊರಗೆ ಹೋದಳು. ಕುಸುಮ ಒಲೆಯ ಮುಂದೆ ಕುಸಿದು ಅತ್ತಳು.

ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಆ ಹಳೆಯ ದನಿ ಕೇಳಿಸಿತು. ಹೊಂಬಾಳಮ್ಮ ಹಸುವಿನ ಜೊತೆ ಮಾತಾಡುತ್ತಿದ್ದಳು. ಹಾಲು ಉಕ್ಕಿಸಿದ ದಂಡಪಿಂಡವನ್ನು ಬೈಯುತ್ತಿದ್ದಳು, ಮಂಗಳಿ ಉಂಡಳೋ ಇಲ್ಲವೋ ಎಂದು ಹಲುಬುತ್ತಿದ್ದಳು. ಕುಸುಮಳಿಗೆ ಹೋದ ಜೀವ ಬಂದಂತಾಯಿತು. ಮೊಬೈಲನ್ನು ಅಕ್ಕಿ ಡಬ್ಬದ ಮೇಲಿಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಮಾತು ನಿಂತುಹೋಯಿತು.

ಅವಳು ಬರಿಗೈ ಚಾಚಿ ತೋರಿಸಿದಳು. “ಪೋನು ತಂದಿಲ್ಲ ಕಣತ್ತೆ. ಇನ್ಮೇಲೆ ಬರಿಯಾಕಿಲ್ಲ. ಏನಾರ ಅಂದ್ಬುಡಿ.”

ಹೊಂಬಾಳಮ್ಮ ಆ ಕೈಗಳನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಪೋನ ಒಳ್ಗಿಟ್ ಬಂದೆ, ಸರಿ. ಕಿವೀನ ಎಲ್ಲಿಟ್ ಬತ್ತೀಯವ್ವ?”

ಅಷ್ಟು ಹೇಳಿ ಹಸುವಿನ ಮೈ ಸವರತೊಡಗಿದಳು. ಸೊಸೆ ಅಲ್ಲಿ ನಿಂತಿರುವಷ್ಟು ಹೊತ್ತೂ ಹಸುವಿನ ಜೊತೆಗೂ ಒಂದು ಮಾತಾಡಲಿಲ್ಲ.